ಎರವಲು ಕಿವಿ: ಒಂದೇ ಜಗಲಿಯ ಮೂರು ನಾಯಿಗಳ ಪ್ರಕರಣ

ಈ ಪ್ರಕರಣ ಮಲೆನಾಡಿನ ಒಂದು ಒಂಟಿ ಮನೆಯದು, ಮನೆ ನಮ್ಮದೇ. ಎದುರಿಗೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ದಣಪೆಯಿಂದಾಚೆ ಮಣ್ಣುರಸ್ತೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಇಂಥ ಕಡೆ ನಾಯಿ ಸಾಕುವುದು ಶೋಕಿಗಲ್ಲ. ಮಂಗ, ಕಾಡುಹಂದಿ, ಮುಳ್ಳುಹಂದಿಗಳಿಂದ ಹಿಡಿದು ದಣಪೆ ಸರಿಸಿ ಒಳಬರುವ ಅಪರಿಚಿತರವರೆಗೆ ಎಲ್ಲದರ ಸುದ್ದಿಯೂ ಮನೆಗೆ ಮೊದಲು ಮುಟ್ಟುವುದು ನಾಯಿಯ ಬಾಯಿಂದಲೇ. ನಮ್ಮಲ್ಲಿರುವ ಮೂರೂ ಊರನಾಯಿಗಳು. ಪ್ರಕರಣ ಶುರುವಾದಾಗ ಕೆಂಚಿಗೆ ಹನ್ನೊಂದು ವರ್ಷ ತುಂಬಿತ್ತು. ಅವಳ ಮಗ ಜಾಕಿಗೆ ಆರು. ಪುಟ್ಟಿ ಎಂಬ ಎಳೆಯ ಹೆಣ್ಣುನಾಯಿ ಬಂದು ಸೇರಿದ್ದು ಆಮೇಲೆ. ಹಗಲೆಲ್ಲ ಅವು ತೋಟ, ಅಂಗಳ, ಕೊಟ್ಟಿಗೆ ಎಂದು ಬಿಡುಬೀಸಾಗಿ ಓಡಾಡಿಕೊಂಡಿರುತ್ತವೆ. ಕತ್ತಲಾದ ಮೇಲೆ ಚಿರತೆಯ ಭಯದಿಂದ ಜಗಲಿಯೊಳಗೆ ಸೇರಿಸಿ ಜಾಲರಿಯ ಬಾಗಿಲು ಹಾಕುವುದು ನಮ್ಮ ಪದ್ಧತಿ.

ಒಟ್ಟಿಗೆ ಬಾಳುವ ನಾಯಿಗಳು ಒಂದನ್ನೊಂದು ನೋಡಿಕೊಳ್ಳುತ್ತವೆ ಎಂಬ ಮಾತನ್ನು ನಾಯಿ ಸಾಕಿದವರೆಲ್ಲ ಆಡುತ್ತಾರೆ. ನಾನೂ ಆಡಿದವನೇ. ಆದರೆ ‘ನೋಡಿಕೊಳ್ಳುವುದು’ ಎಂಬ ಪದದ ಮೊದಲರ್ಧವನ್ನು, ಅಂದರೆ ಬರಿಯ ‘ನೋಡು’ವುದನ್ನು, ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ನಾಯಿ ಇನ್ನೊಂದರ ಮೈಯನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆ, ಆ ಓದಿಗೆ ಅವಕಾಶ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ನಾವು ಕಲಿತದ್ದು ನಮ್ಮದೇ ಒಂದು ತಪ್ಪಿನಿಂದ. ಇಲ್ಲಿರುವುದು ಅಳತೆ ಮಾಡಿ ನಡೆಸಿದ ಪ್ರಯೋಗವಲ್ಲ. ಒಂದೂವರೆ ವರ್ಷ ದಿನವೂ ಕಣ್ಣಿಗೆ ಬಿದ್ದು, ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಂಡ ಸಂಗತಿಗಳು.

ಕಾಣದೆ ಹೋದ ಕಿವುಡು

ಒಂದು ಬೇಸಿಗೆಯಲ್ಲಿ ಕಾಡುಹಂದಿಯ ಕೋರೆ ತಗುಲಿ ಜಾಕಿಯ ತೊಡೆ ಸೀಳಿತು. ಹೊಲಿಗೆ ಹಾಕಿಸಿ ಹತ್ತು ದಿನ ಅವನನ್ನು ಒಳಗಿನ ಕೋಣೆಯಲ್ಲಿ ಕಟ್ಟಿಹಾಕಿದೆವು. ಆ ಹತ್ತು ದಿನ ಕೆಂಚಿಯ ನಡವಳಿಕೆ ವಿಚಿತ್ರವಾಗಿತ್ತು. ಬೈಕು ಅಂಗಳಕ್ಕೆ ಬಂದು ನಿಂತರೂ ಬಚ್ಚಲೊಲೆಯ ಬೂದಿಯಿಂದ ಅವಳು ಏಳಲಿಲ್ಲ. ಹಾಲಿನ ಕ್ಯಾನು ನೆಲಕ್ಕೆ ಬಿದ್ದು ಢಣ್ ಎಂದಾಗಲೂ ತಲೆ ಎತ್ತಲಿಲ್ಲ. ಮಗನಿಲ್ಲದ ಬೇಸರ ಎಂದು ಅಮ್ಮ ತೀರ್ಮಾನಿಸಿದರು, ನಾನೂ ಹೌದೆಂದೆ. ತೋಟದ ಕೆಲಸಕ್ಕೆ ಬರುವ ಹಿರಿಯರು ಮಾತ್ರ ನಕ್ಕರು. “ಬ್ಯಾಸರ ಅಲ್ಲ ಅಯ್ಯ, ಅದಕ್ಕೆ ಕಿವಿ ಎಲ್ಲೈತೆ? ಇಷ್ಟ್ ದಿನ ಜಾಕಿ ಮುಖ ನೋಡ್ಕಂಡು ಓಡ್ತಿತ್ತು ಅಷ್ಟೆಯ” ಎಂದರು.

ಅವಳು ಮಲಗಿದ್ದಾಗ ಗಾಳಿ ತಾಗದಂತೆ, ನೆಲ ಅದುರದಂತೆ ದೂರದಿಂದ ಚಪ್ಪಾಳೆ ತಟ್ಟಿ ನೋಡಿದೆವು, ಪಾತ್ರೆ ಬಡಿದು ನೋಡಿದೆವು. ಕಿವಿಯ ತುದಿಯೂ ಅಲುಗಲಿಲ್ಲ. ಮುಪ್ಪಿನಲ್ಲಿ ನಾಯಿಗಳ ಒಳಗಿವಿಯ ಸೂಕ್ಷ್ಮ ಕೋಶಗಳು ನಶಿಸುತ್ತ ಹೋಗುತ್ತವೆ. ಸಾಮಾನ್ಯವಾಗಿ ತೀಕ್ಷ್ಣವಾದ, ಎತ್ತರದ ಧ್ವನಿಗಳು ಮೊದಲು ಹೋಗಿ ಉಳಿದವು ನಿಧಾನವಾಗಿ ಹಿಂಬಾಲಿಸುತ್ತವೆ. ಮನುಷ್ಯನ ಕಿವಿಗೆ 20,000 ಹರ್ಟ್ಸ್ ಮೇಲಿನ ಧ್ವನಿ ನಿಲುಕುವುದಿಲ್ಲ, ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ನಿಲುಕುತ್ತದೆ. ಅಷ್ಟು ದೊಡ್ಡ ಆಸ್ತಿ ಒಂದು ದಿನದಲ್ಲಿ ಕರಗಿರಲಾರದು. ಅಂದರೆ ತಿಂಗಳುಗಟ್ಟಲೆ ಕೆಂಚಿ ಕಿವಿ ಕಳೆದುಕೊಳ್ಳುತ್ತಿದ್ದಳು, ನಮಗೆ ಅದರ ಸುಳಿವೇ ಸಿಕ್ಕಿರಲಿಲ್ಲ.

ಸುಳಿವು ಸಿಗದಿದ್ದುದಕ್ಕೆ ಕಾರಣ ಜಾಕಿ ವಾಪಸು ಜಗಲಿಗೆ ಬಂದ ದಿನ ಸ್ಪಷ್ಟವಾಯಿತು. ದೂರದಲ್ಲಿ ವಾಹನದ ಸದ್ದಾದರೆ ಮೊದಲು ಅವನ ಕಿವಿ ನಿಮಿರುತ್ತದೆ, ಬಾಯಿ ಮುಚ್ಚುತ್ತದೆ, ಮೈಭಾರ ಮುಂಗಾಲಿಗೆ ವಾಲುತ್ತದೆ. ಬೊಗಳುವುದು ಇವೆಲ್ಲ ಆದ ಮೇಲೆ. ಕೆಂಚಿ ಎದ್ದು ನಿಲ್ಲುತ್ತಿದ್ದುದು ಅವನ ಬೊಗಳಿಕೆಗಿಂತ ಮೊದಲೇ. ಅವನ ಬಾಯಿ ಮುಚ್ಚಿದ ಕ್ಷಣಕ್ಕೇ. ಅವನು ನೋಡುತ್ತಿದ್ದ ದಿಕ್ಕಿಗೇ ಅವಳೂ ಮುಖ ತಿರುಗಿಸಿ ತಾನೂ ಬೊಗಳುತ್ತಿದ್ದಳು. ಕೆಲವು ಸಲ ಅವನನ್ನೂ ಹಿಂದೆ ಹಾಕಿ ದಣಪೆಗೆ ಓಡುತ್ತಿದ್ದಳು. ಅಂಥ ನಾಯಿಯನ್ನು ಕಂಡು ಕಿವುಡು ಎಂದು ಯಾರು ತಾನೆ ಹೇಳಿಯಾರು?

ರಾತ್ರಿಯ ವ್ಯವಸ್ಥೆ ಬೇರೆ. ಕತ್ತಲಲ್ಲಿ ಕಣ್ಣಿನ ಓದು ಪೂರ್ತಿ ನಡೆಯುವುದಿಲ್ಲ. ಮೊದಲೆಲ್ಲ ಜಗಲಿಯ ಮೂಲೆಯಲ್ಲಿ ಒಬ್ಬಳೇ ಸುರುಳಿ ಸುತ್ತಿಕೊಳ್ಳುತ್ತಿದ್ದ ಕೆಂಚಿ, ಆ ವರ್ಷ ಜಾಕಿಯ ಬೆನ್ನಿಗೆ ಬೆನ್ನು ತಾಗಿಸಿ ಮಲಗತೊಡಗಿದ್ದಳು. ಚಳಿಗೆ ಹಾಗೆ ಮಾಡುತ್ತಾಳೆ ಎಂದುಕೊಂಡಿದ್ದೆವು. ಬೇಸಿಗೆಯ ಸೆಕೆಯಲ್ಲೂ ಅದು ಬದಲಾಗಲಿಲ್ಲ. ಜಾಕಿ ತಲೆ ಎತ್ತಿದರೆ ಅವನ ಬೆನ್ನು ಬಿಗಿಯುತ್ತದೆ, ಅಷ್ಟು ಸಾಕು, ಅವಳಿಗೆ ಎಚ್ಚರ.

ಇಲ್ಲಿ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರು? ಕಿವುಡಿ ತಾಯಿಗೆ ಮಗ ಕಿವಿಯಾದ ಎಂದು ಹೇಳಿದರೆ ಕಥೆಯೇನೋ ಚೆಂದ. ಆದರೆ ಆ ಹಂತದಲ್ಲಿ ಜಾಕಿ ಅವಳಿಗಾಗಿ ಏನನ್ನೂ ಬೇರೆಯಾಗಿ ಮಾಡುತ್ತಿರಲಿಲ್ಲ. ಅವನು ಎಲ್ಲ ನಾಯಿಗಳಂತೆ ಸದ್ದಿಗೆ ಎಚ್ಚೆತ್ತುಕೊಳ್ಳುತ್ತಿದ್ದ, ಅವಳು ಆ ಎಚ್ಚರವನ್ನು ಎರವಲು ಪಡೆಯುತ್ತಿದ್ದಳು. ಪೂರ್ತಿ ಜಾಣತನ ಅವಳದು. ಅವನ ಕಡೆಯಿಂದ ನಾನು ಗಮನಿಸಿದ ಒಂದೇ ಬದಲಾವಣೆ ತೋಟದ ಹಾದಿಯದು: ಹಳ್ಳದ ಸಾರದ (ಕಾಲುಸೇತುವೆಯ) ಬಳಿ ನಿಂತು, ಹಿಂದಕ್ಕೆ ತಿರುಗಿ, ಅವಳು ಕಣ್ಣಳತೆಗೆ ಬಂದ ಮೇಲೆಯೇ ಮುಂದೆ ಹೋಗುತ್ತಿದ್ದ. ಕನ್ನಡದಲ್ಲಿ ‘ಕಾಯುವುದು’ ಎಂದರೆ ರಕ್ಷಿಸುವುದೂ ಹೌದು, ದಾರಿ ನೋಡುವುದೂ ಹೌದು. ಜಾಕಿ ಮಾಡುತ್ತಿದ್ದುದು ಎರಡನೆಯದನ್ನು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಪುಟ್ಟಿ ಬಂದ ಮೇಲೆ

ಅದೇ ಮಳೆಗಾಲದಲ್ಲಿ ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಪುಟ್ಟಿಯನ್ನು ಮನೆಗೆ ತಂದೆವು. ಏಳೆಂಟು ತಿಂಗಳ ಮರಿ, ಮೈತುಂಬ ಉಣ್ಣಿ, ಅಷ್ಟೇ ಉತ್ಸಾಹ. ಆಟಕ್ಕೆ ಕರೆಯುವ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೆ ತಗ್ಗಿಸಿ, ಹಿಂಬದಿಯನ್ನು ಮೇಲೆತ್ತಿ ನಿಲ್ಲುವುದನ್ನು ಎಲ್ಲರೂ ಕಂಡಿರುತ್ತಾರೆ. ಈ ಸಂಜ್ಞೆಯನ್ನು ಎದುರಿನ ನಾಯಿ ತನ್ನ ಕಡೆ ನೋಡುತ್ತಿರುವಾಗಲೇ ಬಹುಪಾಲು ಕೊಡುತ್ತವೆ, ಅದು ಬೇರೆಡೆ ಮುಖ ಮಾಡಿದ್ದರೆ ಮೊದಲು ತಾಗಿ, ತಳ್ಳಿ, ಮೆಲ್ಲಗೆ ಕಚ್ಚಿ ಗಮನ ಸೆಳೆಯುತ್ತವೆ ಎಂಬುದನ್ನು ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಪುಟ್ಟಿ ಮಾಡಿದ್ದೂ ಅದನ್ನೇ. ಕೆಂಚಿಯ ಹಿಂದೆ ನಿಂತು ಕುಂಯ್‌ಗುಟ್ಟುವಳು. ಉತ್ತರ ಬಾರದಿದ್ದರೆ ಹಿಂಗಾಲಿಗೆ ಬಾಯಿ ಹಾಕುವಳು. ಕೇಳುವ ನಾಯಿಗೆ ಅದು ಎರಡನೆಯ ಕರೆ, ಕೆಂಚಿಗೆ ಅದೇ ಮೊದಲ ಸುದ್ದಿ, ಅದೂ ಬೆನ್ನ ಹಿಂದಿನಿಂದ, ನಿದ್ದೆಯಲ್ಲಿ.

ಅವಳು ಗುರ್ರೆಂದಳು. ಈ ಗುರ್ರೆನ್ನುವಿಕೆಯ ವಿಷಯದಲ್ಲಿ ನಾವು ಮನುಷ್ಯರು ಬಹಳ ದಡ್ಡರು. ಅದನ್ನು ಜಗಳದ ಆರಂಭ ಎಂದೇ ತಿಳಿಯುತ್ತೇವೆ. ನಾಯಿಗಳ ಲೋಕದಲ್ಲಿ ಅದು ಹೆಚ್ಚಿನ ಸಲ ಜಗಳವನ್ನು ತಪ್ಪಿಸುವ ಮಾತು. ಬುಡಾಪೆಸ್ಟಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮೂಳೆಯ ಕಡೆಗೆ ಹೋಗುವ ನಾಯಿಗೆ ಬೇರೆ ಬೇರೆ ಸಂದರ್ಭಗಳ ಗುರ್ರೆನ್ನುವ ಧ್ವನಿಯನ್ನು ಮರೆಯಿಂದ ಕೇಳಿಸಿದರು. ಆಹಾರ ಕಾಯುವ ನಾಯಿಯ ಧ್ವನಿ ಕೇಳಿದವು ಹಿಂದೆ ಸರಿದಷ್ಟು, ಅಪರಿಚಿತನನ್ನು ಬೆದರಿಸುವ ಧ್ವನಿ ಕೇಳಿದವು ಸರಿಯಲಿಲ್ಲ. ನಮ್ಮ ಕಿವಿಗೆ ಒಂದೇ ಆಗಿ ಕೇಳುವ ಸದ್ದಿನಲ್ಲಿ ‘ಇದು ನನ್ನದು’ ಮತ್ತು ‘ನೀನು ಯಾರು’ ಎಂಬ ಎರಡು ಬೇರೆ ಮಾತುಗಳನ್ನು ಅವು ಕೇಳುತ್ತವೆ ಎಂದಾಯಿತು. ಕೆಂಚಿ ಹೇಳುತ್ತಿದ್ದುದು ‘ಹಿಂದಿನಿಂದ ಮುಟ್ಟಬೇಡ’ ಎಂದು. ಪುಟ್ಟಿ ಅದನ್ನು ಕೇಳಿ ಹಿಂಜರಿಯುತ್ತಲೂ ಇದ್ದಳು. ನಾವು ಮಾತ್ರ ಪ್ರತಿ ಸಲವೂ ಕೆಂಚಿಯನ್ನು ಗದರಿದೆವು. ಮಾತು ಅವಳಿಗೆ ಕೇಳದು, ಆದರೆ ಎತ್ತಿದ ಕೈ ಕಾಣುತ್ತಿತ್ತು. ಕ್ರಮೇಣ ಅವಳು ಗುರ್ರೆನ್ನುವುದನ್ನೇ ಬಿಟ್ಟಳು. ಚೌತಿ ಕಳೆದು ನಾಲ್ಕು ದಿನಕ್ಕೆ, ಯಾವ ಮುನ್ಸೂಚನೆಯೂ ಇಲ್ಲದೆ, ಪುಟ್ಟಿಯ ಕಿವಿಯನ್ನು ಸೀಳಿದಳು.

‘ಮುದಿ ನಾಯಿ ಯಜಮಾನಿಕೆ ಬಿಟ್ಟುಕೊಡುತ್ತಿಲ್ಲ, ಬೇರೆ ಕಟ್ಟಿ’ ಎಂದು ನೆಂಟರೊಬ್ಬರು ಸಲಹೆಯಿತ್ತರು. ನಾಯಿಗಳ ಪ್ರತಿ ಜಗಳವನ್ನೂ ಯಜಮಾನಿಕೆಯ ಲೆಕ್ಕದಲ್ಲಿ ನೋಡುವ ಈ ಚಾಳಿಯ ಬೇರು ಸಾಕಷ್ಟು ಹಳೆಯದು. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಿಂದ, ಗುಂಪಿನ ಯಜಮಾನ ಎಂಬರ್ಥದ ‘ಆಲ್ಫಾ’ ಎಂಬ ಪದ ಹೊರಟು, ತೋಳದಿಂದ ನಾಯಿಗೆ, ನಾಯಿಯಿಂದ ನಾಯಿ ಪಳಗಿಸುವವರ ಬಾಯಿಗೆ ಬಂತು. ಕಾಡಿನ ತೋಳದ ಗುಂಪೆಂದರೆ ಬಹುತೇಕ ಅಪ್ಪ, ಅಮ್ಮ, ಮಕ್ಕಳಿರುವ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಕಾದಾಟ ಅಪರೂಪ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಬರೆದರು. ಆ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ತಾವೂ ಒಬ್ಬರಾಗಿದ್ದೂ ಅದನ್ನು ಕೈಬಿಡಬೇಕೆಂದು ವಾದಿಸಿದ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಮಲೆನಾಡಿನ ಜಗಲಿಗೆ ಹಳೆಯ ಪದವೇ ತಲುಪಿತ್ತು. ನಾವು ಕೆಂಚಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿದೆವು.

ಕೊಟ್ಟಿಗೆಯ ಮೂರು ವಾರ

ಅಲ್ಲಿಂದ ಅವಳಿಗೆ ಜಗಲಿ ಕಾಣುತ್ತಿರಲಿಲ್ಲ. ಹಾಸಿದ ದರಗು ಮೆತ್ತಗಿತ್ತು, ಅನ್ನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಳೆಯ ಎರಚಲು ಇರಲಿಲ್ಲ. ಅವಳ ಪಾಲಿಗೆ ಇಲ್ಲದೆ ಹೋದದ್ದು ಸುದ್ದಿ ಮಾತ್ರ. ಯಾರು ಬಂದರು, ಯಾವಾಗ ಬಂದರು ಎಂಬುದು ಅವರು ಮೈಮೇಲೆ ಬಂದು ನಿಂತಾಗಲೇ ಅವಳಿಗೆ ಗೊತ್ತಾಗುತ್ತಿತ್ತು. ಮೊದಲ ವಾರದಲ್ಲೇ ಅವಳು ನಡುರಾತ್ರಿ ಕಾರಣವಿಲ್ಲದೆ ಬೊಗಳತೊಡಗಿದಳು. ಒಂದೇ ಏರುದನಿ, ನಡುವೆ ದೀರ್ಘ ಬಿಡುವು, ಮತ್ತೆ ಅದೇ. ಒಂಟಿಯಾಗಿ ಬಿಟ್ಟ ನಾಯಿಗಳು ಬೊಗಳುವ ರೀತಿ ಅದು. ಅಪರಿಚಿತರನ್ನು ಕಂಡು ಬೊಗಳುವಾಗಿನ ಒರಟುತನ, ಒತ್ತೊತ್ತಾದ ವೇಗ ಅದರಲ್ಲಿರುವುದಿಲ್ಲ. ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲು ಉದುರಿಸಿಕೊಂಡಳು. ಅನ್ನ ಹಾಕಲು ಬಗ್ಗಿದ ಅಮ್ಮನ ಕೈಗೂ ಒಮ್ಮೆ ಬಾಯಿ ಹಾಕಿದಳು, ಪುಣ್ಯಕ್ಕೆ ಬಳೆಗೆ ತಾಗಿತು. ಕಟ್ಟಿದ್ದು ಸರಿಯೇ ಆಯಿತೆಂಬುದಕ್ಕೆ ನಾವು ಅದನ್ನೂ ಸಾಕ್ಷಿಯಾಗಿ ಹಿಡಿದೆವು.

ಜಗಲಿಯಲ್ಲೂ ಎಲ್ಲ ಸರಿಯಿರಲಿಲ್ಲ. ಜಾಕಿ ದಿನಕ್ಕೆ ಹಲವು ಸಲ ಕೊಟ್ಟಿಗೆಗೆ ಹೋಗಿ, ಕೆಂಚಿಯ ಮೂತಿ ಮೂಸಿ, ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿ ಬರುತ್ತಿದ್ದ. ಪುಟ್ಟಿಗೆ ಗದರುವವರಿಲ್ಲದೆ ಆಟ ಅತಿಯಾಯಿತು. ಜಾಕಿ ಸರಿದು ಹೋಗುವವನೇ ಹೊರತು ಬುದ್ಧಿ ಹೇಳುವವನಲ್ಲ. ಮರಿಗಳಿಗೆ ಮಿತಿ ಕಲಿಸುವ ಕೆಲಸವನ್ನು ಹಿರಿಯ ಹೆಣ್ಣುನಾಯಿಗಳು ಎಷ್ಟರಮಟ್ಟಿಗೆ ಮಾಡುತ್ತವೆಂಬುದು ಅದು ನಿಂತಾಗಲೇ ನಮಗೆ ತಿಳಿದದ್ದು.

ಮೂರನೆಯ ವಾರದ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಇನ್ನೂ ಜಾಲರಿ ಹಾಕಿರಲಿಲ್ಲ. ಜಾಕಿ ಮತ್ತು ಪುಟ್ಟಿ ಒಮ್ಮೆಲೇ ಬೆಟ್ಟದ ಕಡೆ ಮುಖ ಮಾಡಿ ಬೊಗಳಿದವು. ಹಂದಿಗಾದರೆ ಅವು ಮುಂದಕ್ಕೆ ನುಗ್ಗುತ್ತವೆ. ಅಂದು ಬೆನ್ನ ಕೂದಲು ನಿಮಿರಿಸಿ, ಬಾಲ ಒಳಗೆ ಸೆಳೆದುಕೊಂಡು ಹಿಂದಕ್ಕೇ ಸರಿಯುತ್ತಿದ್ದವು. ಚಿರತೆ ಎಂದು ನಮಗೆ ನೋಡದೆಯೇ ಗೊತ್ತಾಯಿತು. ಚಿರತೆಗೆ ನಾಯಿ ಎಂಥ ಮೆಚ್ಚಿನ ಊಟವೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳ ನಡುವೆ ನಡೆದ ಅಧ್ಯಯನದಲ್ಲಿ ಚಿರತೆಗಳ ಆಹಾರದ ತೂಕದ ಶೇಕಡಾ 39ರಷ್ಟು ಸಾಕುನಾಯಿಗಳದ್ದಾಗಿತ್ತು. ಪುಟ್ಟಿ ಒಳಗೆ ಓಡಿ ಅಕ್ಕಿ ಮೂಟೆಯ ಸಂದಿ ಹೊಕ್ಕಳು. ಜಾಕಿ ಜಗಲಿ ಹತ್ತಲಿಲ್ಲ. ಕೊಟ್ಟಿಗೆಯ ಬಾಗಿಲಿಗೆ ಓಡಿ, ಅಲ್ಲೇ ನಿಂತು, ಒಂದೇ ಸಮನೆ ಬೊಗಳಿದ. ಟಾರ್ಚ್ ಹಿಡಿದು ನಾವು ಹೋದಾಗ ದನಗಳು ಕಣ್ಣಿ ಹರಿಯುವಂತೆ ಒದ್ದಾಡುತ್ತಿದ್ದವು, ಕೆಂಚಿ ಮಾತ್ರ ಗೋಡೆಗೆ ಮುಖ ಮಾಡಿ ನಿದ್ದೆ ಹೋಗಿದ್ದಳು. ಜಾಕಿ ಒಳನುಗ್ಗಿ ಭುಜ ತಾಗಿಸಿದ ಮೇಲೆಯೇ ಅವಳು ಧಡಕ್ಕನೆ ಎದ್ದದ್ದು. ಎದ್ದವಳು ಕಚ್ಚಲಿಲ್ಲ, ಅವನ ಮುಖ ನೋಡಿ, ಅವನು ತಿರುಗಿದ ಕಡೆಗೆ ತಿರುಗಿದಳು. ಬೆಳಗ್ಗೆ ಗೊಬ್ಬರದ ಗುಂಡಿಯ ಪಕ್ಕದ ಕೆಸರಿನಲ್ಲಿ ಹೆಜ್ಜೆ ಗುರುತಿತ್ತು.

ಜಾಕಿ ಅವಳನ್ನು ಕಾಪಾಡಲೆಂದೇ ಹೋದನೆ, ದನಗಳ ಗದ್ದಲಕ್ಕೆ ಹೋದನೆ? ಎರಡನೆಯದಕ್ಕೂ ಅವಕಾಶವಿದೆ ಎಂದು ಬರೆಯಬೇಕಾದದ್ದು ನ್ಯಾಯ. ಜೊತೆಗೆ ಬಾಳುವ ನಾಯಿಯ ನೋವಿನ ಕುಂಯ್‌ಗುಟ್ಟುವಿಕೆ ಕೇಳಿದಾಗ ನಾಯಿಗಳು ಆತಂಕಗೊಂಡು ಅದರ ಬಳಿಗೆ ಹೋಗುತ್ತವೆಂದು ವಿಯೆನ್ನಾದ ಸಂಶೋಧಕರು ತೋರಿಸಿದ್ದಾರೆ. ಅವರದೇ 2015ರ ಇನ್ನೊಂದು ಪ್ರಯೋಗದಲ್ಲಿ, ತಮಗೇನೂ ಸಿಗದಿದ್ದರೂ ತಟ್ಟೆಯನ್ನು ಎಳೆದು ಪಕ್ಕದ ಗೂಡಿನ ನಾಯಿಗೆ ತಿನಿಸು ಸಿಗುವಂತೆ ಮಾಡಿದ ನಾಯಿಗಳು, ಪರಿಚಿತ ನಾಯಿಗೆ ಅಪರಿಚಿತ ನಾಯಿಗಿಂತ ಹೆಚ್ಚು ಸಲ ಹಾಗೆ ಮಾಡಿದವು. ಆದರೆ ಆ ಸಂಜೆ ಕೆಂಚಿ ಕುಂಯ್‌ಗುಟ್ಟಿರಲೇ ಇಲ್ಲ. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಅವಳನ್ನು ಎಬ್ಬಿಸುವ ರೀತಿ ಅವನಿಗೆ ತಿಳಿದಿತ್ತು, ಮತ್ತು ಅವನು ಎಬ್ಬಿಸಿದರೆ ಅವಳು ಕಚ್ಚುವುದಿಲ್ಲ.

ಸರಿಪಡಿಸಿದ್ದು

ಮರುದಿನವೇ ಕೆಂಚಿಯನ್ನು ಪಶುವೈದ್ಯರಿಗೆ ತೋರಿಸಿದೆವು. ಇದನ್ನು ಕಿವಿ ಸೀಳಿದ ದಿನವೇ ಮಾಡಬೇಕಿತ್ತು. ಕಿವಿಯಲ್ಲಿ ಸೋಂಕಿರಲಿಲ್ಲ, ಸೊಂಟದ ಕೀಲುಗಳಲ್ಲಿ ಸವೆತವಿತ್ತು. ಪುಟ್ಟಿ ಬಾಯಿ ಹಾಕುತ್ತಿದ್ದ ಹಿಂಗಾಲು ನೋಯುವ ಕಾಲೇ ಆಗಿತ್ತು. ನೋವಿನ ಔಷಧ ಬರೆದುಕೊಟ್ಟರು. (ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಹಾಕುವ ರೂಢಿ ನಮ್ಮ ಕಡೆ ಇದೆ. ಐಬುಪ್ರೊಫೇನ್‌ನಂಥವು ನಾಯಿಯ ಹೊಟ್ಟೆ, ಮೂತ್ರಪಿಂಡಗಳನ್ನೇ ಹಾಳುಮಾಡುತ್ತವೆ.)

ಜಗಲಿಯಲ್ಲಿ ಕೆಂಚಿಯ ಗೋಣಿಯನ್ನು ಗೋಡೆಗೆ ಒತ್ತಿ ಹಾಸಿದೆವು, ಹಿಂದಿನಿಂದ ಯಾರೂ ಬರಲಾಗದಂತೆ. ಅವಳ ಬಳಿಗೆ ಹೋಗುವ ಮುನ್ನ ನೆಲಕ್ಕೆ ಕಾಲು ಬಡಿಯುವುದು, ಕತ್ತಲಲ್ಲಾದರೆ ಟಾರ್ಚಿನ ಬೆಳಕನ್ನು ಅವಳ ಮುಂದಿನ ನೆಲಕ್ಕೆ ಬಿಡುವುದು ಮನೆಯವರೆಲ್ಲರ ಅಭ್ಯಾಸವಾಯಿತು. ಅನ್ನದ ಬಟ್ಟಲುಗಳನ್ನು ದೂರ ದೂರ, ಆದರೆ ಮೂವರೂ ಒಬ್ಬರಿಗೊಬ್ಬರು ಕಾಣುವಂತೆ ಇಟ್ಟೆವು. ಎಲ್ಲಕ್ಕಿಂತ ಕಷ್ಟವಾದದ್ದು ಕೆಂಚಿ ಗುರ್ರೆಂದಾಗ ಸುಮ್ಮನಿರುವುದು. ಅಮ್ಮನಿಗೆ ಅದು ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. ಮೊದಮೊದಲು ಅವಳು ಗುರ್ರೆನ್ನಲೇ ಇಲ್ಲ, ತುಟಿ ಮಾತ್ರ ಬಿಗಿಯುತ್ತಿದ್ದಳು. ಎರಡು ವಾರದ ಹೊತ್ತಿಗೆ ದನಿ ಮರಳಿತು. ಅದನ್ನು ಕೇಳಿ ನನಗಾದ ಸಮಾಧಾನವನ್ನು ನೆಂಟರಿಗೆ ವಿವರಿಸುವುದು ಸಾಧ್ಯವಾಗಲಿಲ್ಲ.

ಪುಟ್ಟಿ ಕಲಿತಳು, ನಾವು ಕಲಿಸಲಿಲ್ಲ. ಜಾಕಿಯನ್ನು ಆಟಕ್ಕೆ ಕರೆಯುವಾಗ ಅವಳು ಇಂದಿಗೂ ಹಿಂದಿನಿಂದ ಕುಂಯ್‌ಗುಟ್ಟುತ್ತಾಳೆ. ಕೆಂಚಿಯ ಬಳಿ ಹೋಗುವಾಗ ಮಾತ್ರ ಅರ್ಧ ಸುತ್ತು ಹಾಕಿ, ಅವಳ ಕಣ್ಣ ಮುಂದೆ ಬಂದು, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಾಳೆ, ಸದ್ದು ಮಾಡುವುದಿಲ್ಲ. ಒಂದೇ ಮನೆಯ ಇಬ್ಬರೊಡನೆ ಎರಡು ಬೇರೆ ಭಾಷೆ. ಇದರಲ್ಲಿ ಕರುಣೆಯನ್ನು ಕಾಣಬೇಕಾಗಿಲ್ಲ. ಕುಂಯ್‌ಗುಟ್ಟಿದರೆ ಫಲವಿಲ್ಲ, ಹಿಂದಿನಿಂದ ಮುಟ್ಟಿದರೆ ಏಟು, ಎದುರು ನಿಂತರೆ ಮೂತಿ ನೆಕ್ಕುತ್ತಾಳೆ ಎಂಬ ಮೂರು ಪಾಠಗಳು ಸಾಕು. ಆದರೆ ಆ ಪಾಠ ಕಲಿಯಲು ಕೆಂಚಿ ಅಲ್ಲೇ ಇರಬೇಕಿತ್ತು, ಗುರ್ರೆನ್ನಲು ಅವಳಿಗೆ ಬಿಡಬೇಕಿತ್ತು.

ದೀಪಾವಳಿ ಬಂದಾಗ ಈ ಕೊಡುಕೊಳ್ಳುವಿಕೆ ತಿರುವುಮುರುವಾಯಿತು. ಕೆಳಗಿನ ಊರಿನ ಪಟಾಕಿಯ ಸದ್ದು ಕಣಿವೆಯಲ್ಲಿ ಎರಡೆರಡು ಸಲ ಮೊಳಗುತ್ತದೆ. ಜಾಕಿ ಪ್ರತಿ ವರ್ಷ ಬಚ್ಚಲ ಹಂಡೆಯ ಹಿಂದೆ ಅಡಗುತ್ತಿದ್ದ. ಆ ವರ್ಷ ಕೆಂಚಿಗೆ ಏನೂ ಕೇಳಿಸದ ಕಾರಣ ಗೋಣಿಯ ಮೇಲೆ ಹಾಯಾಗಿ ಮಲಗಿದ್ದಳು. ನಡುಗುತ್ತಿದ್ದ ಪುಟ್ಟಿ ಎದುರಿನಿಂದಲೇ ಬಂದು, ಅವಳ ಹೊಟ್ಟೆಗೆ ಒತ್ತಿಕೊಂಡು ಮಲಗಿದಳು. ಕೆಂಚಿ ಒಮ್ಮೆ ತಲೆ ಎತ್ತಿ ಅವಳ ಮುಖ ನೋಡಿದಳು, ಸುತ್ತ ನೋಡಿದಳು, ಗಾಳಿ ಮೂಸಿದಳು. ಏನೂ ಕಾಣದೆ ಮತ್ತೆ ತಲೆ ಇಟ್ಟಳು. ಪುಟ್ಟಿಯ ನಡುಕ ನಿಲ್ಲಲಿಲ್ಲವಾದರೂ ಕಡಿಮೆಯಾಯಿತು. ಬಹಳ ಹೊತ್ತಿನ ಮೇಲೆ ಜಾಕಿಯೂ ಹಂಡೆ ಬಿಟ್ಟು ಬಂದು ಕೆಂಚಿಯ ಬೆನ್ನಿಗೆ ಬೆನ್ನು ಕೊಟ್ಟ.

ಈಗ ಕೆಂಚಿಯ ಕಣ್ಣುಗಳಲ್ಲೂ ನೀಲಿ ಮಬ್ಬು ಕಾಣಿಸಿಕೊಂಡಿದೆ. ತೋಟಕ್ಕೆ ಹೋಗುವಾಗ ಭುಜವನ್ನು ಜಾಕಿಯ ಭುಜಕ್ಕೆ ತಾಗಿಸಿಕೊಂಡೇ ನಡೆಯುತ್ತಾಳೆ. ಸಾರದ ಬಳಿ ಅವನು ಇಬ್ಬರ ಅಗಲ ಹಿಡಿಸುವುದಿಲ್ಲವೆಂದು ನಿಲ್ಲುತ್ತಾನೆ, ಅವಳು ಮುಂದಾಗುವವರೆಗೂ ಕದಲುವುದಿಲ್ಲ. ಕಳೆದ ತಿಂಗಳಿಂದ ಇನ್ನೊಂದನ್ನು ಗುರುತು ಹಾಕಿಕೊಳ್ಳತೊಡಗಿದ್ದೇನೆ. ಮಣ್ಣುರಸ್ತೆಯಲ್ಲಿ ಬೈಕಿನ ಸದ್ದಾದಾಗ ಮೊದಲು ಏಳುವವಳು ಪುಟ್ಟಿ. ಜಾಕಿ ಅವಳ ಕಿವಿಗಳನ್ನೊಮ್ಮೆ ನೋಡಿ, ಆಮೇಲೆ ಬಾಯಿ ಮುಚ್ಚುತ್ತಾನೆ.